ಮಗಳಿಗೆ ‘ಅಮೆರಿಕದ ಗಂಡು’ ಬಂದಿದೆಯಾ? ಒಪ್ಪೋಕೆ ಮುಂಚೆ ಗ್ರೀನ್ ಕಾರ್ಡ್ ಲೆಕ್ಕ ತಿಳ್ಕೊಳ್ಳಿ

ಕೊಕ್ಕರೆ ಬೆಳ್ಳೂರು (ಮದ್ದೂರು ತಾ.): “ಗಂಡು ಅಮೆರಿಕದಲ್ಲವ್ನಂತೆ ಕಣಪ್ಪ. ಮದ್ವೆ ಆದ್ರೆ ಹುಡ್ಗೀಗೂ ಗ್ರೀನ್ ಕಾರ್ಡ್ ಬಂದ್ಬುಡ್ತದಂತೆ. ದಿಟವಾ? ನೀನು ಪೇಪರ್‌ನೋನು, ನಿಂಗೆ ಗೊತ್ತಿರ್ತದೆ.”

ಬೆಳ್ಳೂರಿನ ಟೀ ಅಂಗಡಿ ಮುಂದೆ ಹಿರಿಯರೊಬ್ಬರು ಹೀಗೆ ಕೇಳಿದಾಗ ನನಗೆ ಥಟ್ಟನೆ ಉತ್ತರ ಕೊಡಕ್ಕಾಗಲಿಲ್ಲ. ಡಿಗ್ರಿ ಮಧ್ಯದಲ್ಲೇ ಬಿಟ್ಟೋನು ನಾನು, ವೀಸಾ ಕಾನೂನು ಎಲ್ಲಿಂದ ಗೊತ್ತಿರುತ್ತೆ? ಆದರೆ ಅವರ ಮೊಮ್ಮಗಳ ಮದುವೆ ಮಾತುಕತೆ ನಡೀತಿತ್ತು. ಮದುವೆ ಖರ್ಚಿಗೆ ಗದ್ದೆ ಮೇಲೆ ಸಾಲ ಎತ್ತೋ ಯೋಚನೆಯೂ ಇತ್ತು. ಹಾಗಾಗಿ ಕೂತು ಓದಿ, ತಿಳಿದೋರನ್ನ ಕೇಳಿ ಇದನ್ನ ಬರೆದಿದೀನಿ. ಇದೇ ಪ್ರಶ್ನೆ ಮದ್ದೂರು, ಮಳವಳ್ಳಿ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿದೆ.

ನಮ್ಮ ಜಿಲ್ಲೆಗೆ ಅಮೆರಿಕ ಹೊಸದೇನಲ್ಲ. ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ಅಲ್ಲಿಗೆ ಹೋಗಿ ಓದಿ ಬಂದೋರು, ಮುಂದೆ ದೇಶದ ವಿದೇಶಾಂಗ ಸಚಿವರೂ ಆದರು. ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು 1962ರಲ್ಲೇ ಶುರುವಾಯ್ತು. ಅಲ್ಲಿ ಓದಿ ಹೊರದೇಶಕ್ಕೆ ಹೋದೋರ ಮನೆಗಳು ಸುತ್ತಮುತ್ತಲ ಊರುಗಳಲ್ಲಿವೆ. ಹೋಗೋದು ಬರೋದು ಮಾಮೂಲಾಗಿದೆ, ಕಾಗದ ಪತ್ರದ ವಿಚಾರ ಮಾತ್ರ ಇನ್ನೂ ಬಾಯಿಮಾತಲ್ಲೇ ನಡೀತಿದೆ.

ಮೊದಲು ಒಂದು ಮಾತು: ಮದುವೆಯೇ ಗ್ರೀನ್ ಕಾರ್ಡ್ ಅಲ್ಲ

ನಮ್ಮ ಭಾಷೇಲಿ ಹೇಳೋದಾದ್ರೆ, ಜಮೀನು ಕ್ರಯ ಆದ ದಿನವೇ ಪಹಣೀಲಿ ನಿಮ್ಮ ಹೆಸರು ಬರಲ್ಲ. ಖಾತೆ ಬದಲಾಗಬೇಕು, ಮ್ಯುಟೇಶನ್ ಆಗಬೇಕು, ಯಾರಾದ್ರೂ ತಕರಾರು ಎತ್ತಿದ್ರೆ ಅದೂ ತೀರ್ಮಾನ ಆಗಬೇಕು. ಗ್ರೀನ್ ಕಾರ್ಡೂ ಹಂಗೇ. ಅಮೆರಿಕದ ಪ್ರಜೆಯನ್ನ ಮದುವೆ ಆದ್ರೆ ಸಿಗೋದು ಅರ್ಜಿ ಹಾಕೋ ದಾರಿ ಮಾತ್ರ. ಅರ್ಜಿ ಹಾಕಬೇಕಾದೋನು ಗಂಡ. ಮಂಜೂರು ಮಾಡೋದು ಅಮೆರಿಕ ಸರ್ಕಾರ.

ಇದು ಬರೀ ನನ್ನ ಮಾತಲ್ಲ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುನ್ಯೋಜ್ ಕೇಸ್‌ನಲ್ಲಿ ಒಂದು ತೀರ್ಪು ಕೊಟ್ಟಿತು. ಅಲ್ಲಿ ಹೆಂಡತಿ ಅಮೆರಿಕದ ಪ್ರಜೆ, ಗಂಡ ಎಲ್ ಸಾಲ್ವಡಾರ್ ದೇಶದವನು. ಕಾನ್ಸುಲೇಟ್ ಅವನಿಗೆ ವೀಸಾ ಕೊಡಲಿಲ್ಲ. ವಿದೇಶಿ ಸಂಗಾತಿಯನ್ನ ದೇಶದೊಳಗೆ ಕರೆಸಿಕೊಳ್ಳೋದು ಪ್ರಜೆಯ ಸಂವಿಧಾನಬದ್ಧ ಮೂಲಭೂತ ಹಕ್ಕಲ್ಲ ಅಂತ ಕೋರ್ಟ್ 6-3ರಲ್ಲಿ ಹೇಳಿತು. ಪ್ರಜೆಯ ಹೆಂಡತಿ, ಗಂಡಂದಿರಿಗೇ ಹೀಗಿದ್ರೆ ಬೇರೆಯವರ ಪಾಡು ಯೋಚನೆ ಮಾಡಿ.

ಗಂಡು ‘ಅಮೆರಿಕದೋನು’ ಅಂದ್ರೆ ಯಾವ ಅಮೆರಿಕದೋನು?

ಮನೆಯವರು ಎಡವೋದು ಇಲ್ಲೇ. ಅಮೆರಿಕದಲ್ಲಿ ಇರೋರೆಲ್ಲ ಒಂದೇ ಅಲ್ಲ. ಮೂರು ಥರ ಇದ್ದಾರೆ.

ಒಂದು, ಪ್ರಜೆ. ಇವನ ಹತ್ರ ಅಮೆರಿಕದ ನೀಲಿ ಪಾಸ್‌ಪೋರ್ಟ್ ಇರುತ್ತೆ. ಇವನ ಹೆಂಡತಿಗೆ ವರ್ಷಕ್ಕಿಷ್ಟೇ ಅನ್ನೋ ಮಿತಿ ಇಲ್ಲ, ಹಾಗಾಗಿ ಕೋಟಾದ ಕ್ಯೂ ಇಲ್ಲ. ಆದರೂ ಅರ್ಜಿ ಪರಿಶೀಲನೆ, ಸಂದರ್ಶನ ಎಲ್ಲ ಸೇರಿ ವರ್ಷ ದಾಟೋದು ಮಾಮೂಲು.

ಎರಡು, ಗ್ರೀನ್ ಕಾರ್ಡ್ ಇರೋನು. ಪಾಸ್‌ಪೋರ್ಟ್ ನಮ್ಮ ದೇಶದ್ದೇ, ಅಲ್ಲಿ ಖಾಯಂ ವಾಸಕ್ಕೆ ಅನುಮತಿ ಇದೆ ಅಷ್ಟೆ. ಇವನ ಹೆಂಡತಿ ‘ಎಫ್2ಎ’ ಅನ್ನೋ ಗುಂಪಿಗೆ ಬರ್ತಾಳೆ. ಇದಕ್ಕೆ ವರ್ಷದ ಮಿತಿ ಇದೆ, ಕ್ಯೂ ಇದೆ. ಕ್ಯೂ ಎಲ್ಲಿಗೆ ಬಂತು ಅಂತ ಅಮೆರಿಕ ಸರ್ಕಾರ ಪ್ರತಿ ತಿಂಗಳು ‘ವೀಸಾ ಬುಲೆಟಿನ್’ ಹಾಕುತ್ತೆ. ಗಂಡ ಮಧ್ಯದಲ್ಲಿ ಪ್ರಜೆ ಆದ್ರೆ ಹೆಂಡತಿ ಈ ಕ್ಯೂನಿಂದ ಆಚೆ ಬರ್ತಾಳೆ.

ಮೂರು, ಎಚ್-1ಬಿ ಕೆಲಸದ ವೀಸಾದಲ್ಲಿರೋನು. ಇವನ ಹೆಂಡತಿಗೆ ಸಿಗೋದು ಎಚ್-4 ಅನ್ನೋ ಅವಲಂಬಿತರ ವೀಸಾ, ಗ್ರೀನ್ ಕಾರ್ಡ್ ಅಲ್ಲ. ಎಚ್-4ನಲ್ಲಿ ಕೆಲಸ ಮಾಡೋ ಹಾಗಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ರೆ ಮಾತ್ರ ಹೆಂಡತಿ ಕೆಲಸದ ಪರ್ಮಿಟ್ ಕೇಳಬಹುದು, ಅದೂ 2015ರಿಂದ ಈಚೆಗೆ. ಇನ್ನು ಗಂಡನ ಗ್ರೀನ್ ಕಾರ್ಡ್? ಯಾವ ದೇಶದೋರಿಗೂ ಒಟ್ಟು ಕೋಟಾದಲ್ಲಿ ಶೇ 7ಕ್ಕಿಂತ ಜಾಸ್ತಿ ಕೊಡಬಾರದು ಅನ್ನೋ ನಿಯಮ ಇದೆ. ಅದರಿಂದ ಭಾರತದಲ್ಲಿ ಹುಟ್ಟಿದ ಸಾಫ್ಟ್‌ವೇರ್ ಹುಡುಗರ ಸಾಲು ದೊಡ್ಡದಿದೆ, ಎಷ್ಟೋ ಜನ ಹತ್ತಾರು ವರ್ಷದಿಂದ ಕಾಯ್ತಿದ್ದಾರೆ.

ಬ್ರೋಕರ್ ಬಾಯಲ್ಲಿ ಮೂರೂ ಥರದೋರು ‘ಅಮೆರಿಕದಲ್ಲಿ ಸೆಟ್ಲಾಗಿರೋ ಹುಡುಗ’ನೇ. ಟೀ ಅಂಗಡಿ ಹಿರಿಯರು ಎರಡು ದಿನ ಬಿಟ್ಟು ವಿಚಾರಿಸಿಕೊಂಡು ಬಂದ್ರು. ಅವರ ಮನೆಗೆ ಬಂದಿದ್ದ ಗಂಡು ಮೂರನೇ ಥರದೋನು. ಹುಡುಗ ಒಳ್ಳೆಯವನೇ ಇರಬಹುದು, ಅದು ಬೇರೆ ಮಾತು. ಆದರೆ ಗ್ರೀನ್ ಕಾರ್ಡ್ ಲೆಕ್ಕ ಇಟ್ಕೊಂಡು ಗದ್ದೆ ಮೇಲೆ ಸಾಲ ಎತ್ತೋ ಹಾಗಿರಲಿಲ್ಲ.

ಪ್ರಜೆಯನ್ನೇ ಮದುವೆ ಆದ್ರೆ ಕೆಲಸ ಹೇಗೆ ನಡೆಯುತ್ತೆ?

ಮೊದಲು ಗಂಡ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ಐ-130 ಅನ್ನೋ ಅರ್ಜಿ ಹಾಕಬೇಕು. ‘ಇವಳು ನನ್ನ ಹೆಂಡತಿ, ಮದುವೆ ನಿಜ’ ಅಂತ ರುಜುವಾತು ಮಾಡೋ ಅರ್ಜಿ ಇದು. ಇದು ಒಪ್ಪಿಗೆ ಆದಮೇಲೆ ಫೈಲು ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತೆ. ಅಲ್ಲಿ ಹುಡುಗಿ ಆನ್‌ಲೈನ್‌ನಲ್ಲಿ ಡಿಎಸ್-260 ಫಾರಂ ತುಂಬಬೇಕು. ಗಂಡ ಐ-864 ಅನ್ನೋ ಮುಚ್ಚಳಿಕೆ ಕೊಡಬೇಕು. ‘ಇವಳನ್ನ ಸಾಕೋಷ್ಟು ವರಮಾನ ನನಗಿದೆ’ ಅನ್ನೋದು ಅದರ ಸಾರ. ಅಲ್ಲಿನ ಸರ್ಕಾರದ ಬಡತನ ರೇಖೆಯ ಶೇ 125ರಷ್ಟಾದ್ರೂ ಆದಾಯ ಇರಬೇಕು. ಇಲ್ಲ ಅಂದ್ರೆ ಇನ್ನೊಬ್ಬ ಜಾಮೀನುದಾರ ಬೇಕು.

ಐ-864 ಬಗ್ಗೆ ಒಂದು ವಿಷಯ ನೆನಪಿಟ್ಕೊಳ್ಳಿ. ಡೈವೋರ್ಸ್ ಆಯ್ತು ಅಂದ ಮಾತ್ರಕ್ಕೆ ಗಂಡನ ಈ ಹೊಣೆ ಮುಗಿಯಲ್ಲ. ಹೆಂಡತಿ ಅಲ್ಲಿನ ಪ್ರಜೆ ಆಗೋವರೆಗೆ, ಇಲ್ಲ ಸುಮಾರು ಹತ್ತು ವರ್ಷದಷ್ಟು ದುಡಿಮೆ ಲೆಕ್ಕಕ್ಕೆ ಬರೋವರೆಗೆ ಇರುತ್ತೆ. ಅವಳು ಆ ದೇಶ ಖಾಯಮ್ಮಾಗಿ ಬಿಟ್ಟು ಬಂದ್ರೆ ಹೊಣೆ ನಿಲ್ಲುತ್ತೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇರಲ್ಲ.

ಆಮೇಲೆ ಅವರು ಗೊತ್ತು ಮಾಡಿದ ಡಾಕ್ಟರ ಹತ್ರ ಮೆಡಿಕಲ್, ಲಸಿಕೆ. ಕೊನೆಗೆ ಸಂದರ್ಶನ. ಬೆಂಗಳೂರಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯ್ತು, ನಿಜ. ಆದರೆ ಶುರುವಲ್ಲಿ ಅಲ್ಲಿ ವೀಸಾ ಕೆಲಸ ಇಟ್ಟಿರಲಿಲ್ಲ. ನಮ್ಮ ಕಡೆಯೋರಿಗೆ ಗ್ರೀನ್ ಕಾರ್ಡ್ ವೀಸಾದ ಸಂದರ್ಶನ ಸಾಮಾನ್ಯವಾಗಿ ಮುಂಬೈನಲ್ಲಿ. ರೈಲು, ರೂಮು ಖರ್ಚು ಲೆಕ್ಕ ಹಾಕ್ಕೊಂಡಿರಿ.

ಸರ್ಕಾರಿ ಫೀಸು ಎಷ್ಟು? 2024ರ ಏಪ್ರಿಲ್ 1ರಿಂದ ಬಂದ ದರದ ಪ್ರಕಾರ ಐ-130ಕ್ಕೆ ಆನ್‌ಲೈನ್ ಆದ್ರೆ 625 ಡಾಲರ್, ಕಾಗದದಲ್ಲಾದ್ರೆ 675. ವೀಸಾ ಅರ್ಜಿಗೆ 325, ಮುಚ್ಚಳಿಕೆ ಪರಿಶೀಲನೆಗೆ 120, ವೀಸಾ ಆದಮೇಲೆ ಕಾರ್ಡಿಗೆ 235. ಕಾಗದದ ದರ ಹಿಡಿದು ಕೂಡಿದ್ರೆ 1,355 ಡಾಲರ್. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದ್ರೂ 1 ಲಕ್ಷದ 15 ಸಾವಿರ ಆಯ್ತು. ಮೆಡಿಕಲ್, ಟಿಕೆಟ್ಟು ಬೇರೆ. ದರ ಆಗಾಗ ಬದಲಾಗುತ್ತೆ, ಕಟ್ಟೋ ದಿನ ಅವರ ವೆಬ್‌ಸೈಟ್ ನೋಡೇ ಕಟ್ಟಿ. ಈ ಫೀಸಿನ ಮೇಲೆ ಯಾರಾದ್ರೂ ‘ಒಳಗಡೆ ಮಾಡಿಸ್ತೀನಿ’ ಅಂತ ಲಕ್ಷ ಕೇಳಿದ್ರೆ ಎದ್ದು ಬನ್ನಿ.

ನಮ್ಮ ಆಫೀಸುಗಳಲ್ಲಿ ಆಗಬೇಕಾದ ಕೆಲಸ

ಅರ್ಜಿ ಅಮೆರಿಕದ್ದಾದ್ರೂ ಅರ್ಧ ಕಾಗದ ನಮ್ಮ ತಾಲ್ಲೂಕಿಂದಲೇ ಹೋಗಬೇಕು.

ಮದುವೆ ನೋಂದಣಿ: ಛತ್ರದಲ್ಲಿ ಸಾವಿರ ಜನಕ್ಕೆ ಊಟ ಹಾಕಿದ್ದು ಸಾಕ್ಷಿ ಆಗಲ್ಲ, ಸಬ್ ರಿಜಿಸ್ಟ್ರಾರ್ ಕೊಡೋ ಸರ್ಟಿಫಿಕೇಟ್ ಬೇಕು. ಇಬ್ಬರೂ ಹಿಂದೂಗಳಾಗಿ ಶಾಸ್ತ್ರದ ಪ್ರಕಾರ ಮದುವೆ ಆಗಿದ್ರೆ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ. ಈಗ ಕಾವೇರಿ 2.0ನಲ್ಲಿ ಆನ್‌ಲೈನ್ ಅರ್ಜಿಗೂ ಅವಕಾಶ ಇದೆ. ಬೇರೆ ಬೇರೆ ಧರ್ಮದೋರಾದ್ರೆ 1954ರ ವಿಶೇಷ ವಿವಾಹ ಕಾಯ್ದೆ. ಇದರಲ್ಲಿ ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಹದಿನೈದು ದಿನದ ರಜೆ ಹಾಕಿ ಬಂದ ಗಂಡಿಗೆ ಇದು ಆಗೋ ಕೆಲಸ ಅಲ್ಲ, ಮೊದಲೇ ಪ್ಲಾನ್ ಮಾಡಬೇಕು.

ಜನನ ಪ್ರಮಾಣ ಪತ್ರ: ಮನೇಲೇ ಹೆರಿಗೆ ಆಗಿ ಎಲ್ಲೂ ಬರೆಸದೇ ಇರೋರು ಇನ್ನೂ ಇದ್ದಾರೆ. ಹುಟ್ಟಿ ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಬೇಕಾದ್ರೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟ್ ಆದೇಶ ಬೇಕಿತ್ತು. 2023ರ ಕೇಂದ್ರದ ತಿದ್ದುಪಡಿ ಈ ಅಧಿಕಾರವನ್ನ ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿ ಕಡೆಗೆ ಕೊಟ್ಟಿದೆ. ತಡವಾಗಿ ಮಾಡಿಸಿದ ಸರ್ಟಿಫಿಕೇಟ್ ಆದ್ರೆ ಜೊತೆಗೆ ಶಾಲೆ ದಾಖಲೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಕೊಳ್ಳಿ.

ಹೆಸರು: ತಲೆನೋವೇ ಇದು. ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು. ಒಂದರಲ್ಲಿ ‘ಗೌಡ’ ಇದೆ, ಇನ್ನೊಂದರಲ್ಲಿ ಇಲ್ಲ. ನಮಗೆ ಒಬ್ಬಳೇ ಹುಡುಗಿ, ಅಲ್ಲಿನ ಅಧಿಕಾರಿಗೆ ಮೂವರು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಅದೇ ಸ್ಪೆಲ್ಲಿಂಗ್ ಮದುವೆ ಸರ್ಟಿಫಿಕೇಟ್‌ನಲ್ಲೂ ಬರಲಿ. ಸಹಿ ಹಾಕೋ ಮುಂಚೆ ಒಂದೊಂದು ಅಕ್ಷರ ಓದಿ.

ಪೊಲೀಸ್ ಕ್ಲಿಯರೆನ್ಸ್: ಇದು ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಸಿಗುತ್ತೆ. ಸ್ಟೇಷನ್‌ನಿಂದ ಪರಿಶೀಲನೆ ಇರುತ್ತೆ. ಕನ್ನಡದಲ್ಲಿರೋ ಯಾವುದೇ ದಾಖಲೆಗೆ ಇಂಗ್ಲಿಷ್ ಅನುವಾದ, ಅನುವಾದ ಮಾಡಿದೋರ ದೃಢೀಕರಣ ಸೇರಿಸಬೇಕು.

ಸೈಬರ್, ಜೆರಾಕ್ಸ್ ಅಂಗಡಿ ಇಟ್ಟಿರೋರಿಗೂ ಒಂದು ಮಾತು. ಫಾರಂ ತುಂಬಿಕೊಡುವಾಗ ನಿಮ್ಮ ಅಂಗಡಿಯ ಇಮೇಲ್, ಫೋನ್ ನಂಬರ್ ಹಾಕಬೇಡಿ, ಹುಡುಗಿಯದ್ದೇ ಹಾಕಿ. ನೋಟಿಸು ಎಲ್ಲ ಅದಕ್ಕೇ ಬರುತ್ತೆ. ಗೊತ್ತಿಲ್ಲದ ಕಾಲಂಗೆ ಅಂದಾಜಲ್ಲಿ ತುಂಬಬೇಡಿ. ಅಲ್ಲಿ ತಪ್ಪು ಮಾಹಿತಿ ಕೊಟ್ಟಳು ಅಂತ ಆದ್ರೆ ಅನುಭವಿಸೋದು ಅವಳು.

ಎರಡು ವರ್ಷದ ಕಾರ್ಡ್ ಅಂದ್ರೇನು?

ಅಮೆರಿಕಕ್ಕೆ ಇಳಿಯೋ ದಿನಕ್ಕೆ ಮದುವೆ ಆಗಿ ಎರಡು ವರ್ಷ ತುಂಬಿರಲಿಲ್ಲ ಅಂದ್ರೆ ಸಿಗೋದು ಎರಡೇ ವರ್ಷದ ಷರತ್ತಿನ ಕಾರ್ಡ್. 1986ರ ಕಾನೂನಿನಿಂದ ಬಂದ ಪದ್ಧತಿ ಇದು. ಕಾರ್ಡಿಗೋಸ್ಕರ ಸುಳ್ಳು ಮದುವೆ ಆಗೋರನ್ನ ತಡೆಯೋಕೆ ಮಾಡಿದ್ದು. ಎರಡು ವರ್ಷ ಮುಗಿಯೋ ಮುಂಚಿನ 90 ದಿನದೊಳಗೆ ಗಂಡ, ಹೆಂಡತಿ ಇಬ್ಬರೂ ಸೇರಿ ಐ-751 ಅರ್ಜಿ ಹಾಕಿದ್ರೆ ಷರತ್ತು ಹೋಗಿ ಹತ್ತು ವರ್ಷದ ಕಾರ್ಡ್ ಬರುತ್ತೆ. ತಾರೀಖು ಮರೆತ್ರೆ ಕಾರ್ಡೇ ಹೋಗೋ ಅಪಾಯ.

‘ಇಬ್ಬರೂ ಸೇರಿ’ ಅನ್ನೋ ಮಾತಲ್ಲೇ ಸಿಕ್ಕಿರೋದು ಕಷ್ಟ. “ನಾನು ಸಹಿ ಹಾಕ್ಲಿಲ್ಲ ಅಂದ್ರೆ ನೀನು ಊರಿಗೆ ವಾಪಸ್” ಅಂತ ಹೆದರಿಸೋ ಗಂಡಂದಿರು ಇದ್ದಾರೆ. ಹೆಣ್ಣುಮಕ್ಕಳು ತಿಳ್ಕೊಬೇಕಾದ್ದು ಏನಪ್ಪಾ ಅಂದ್ರೆ, ಮದುವೆ ನಿಜವಾಗಿಯೂ ನಡೆದಿದ್ದು, ಆಮೇಲೆ ಡೈವೋರ್ಸ್ ಆಗಿದ್ರೆ, ಇಲ್ಲ ಗಂಡ ಹೊಡೆದು ಹಿಂಸೆ ಕೊಟ್ಟಿದ್ರೆ, ಅವಳೊಬ್ಬಳೇ ಐ-751 ಹಾಕಬಹುದು. ಅದಕ್ಕೆ ಗಂಡನ ಸಹಿ ಬೇಡ. ಪ್ರಜೆಯಾದ ಅಥವಾ ಗ್ರೀನ್ ಕಾರ್ಡ್ ಇರೋ ಗಂಡ ಅರ್ಜಿಯನ್ನೇ ಹಾಕದೆ ಹಿಂಸೆ ಕೊಡ್ತಿದ್ರೆ 1994ರ ಕಾನೂನಿನಡಿ ಹೆಂಡತಿ ತಾನೇ ಸ್ವಂತವಾಗಿ ಐ-360 ಅರ್ಜಿ ಕೊಡಬಹುದು. ಇದನ್ನ ಇಲಾಖೆ ಗಂಡನಿಗೆ ತಿಳಿಸಲ್ಲ. ಅಲ್ಲಿನ ಪೊಲೀಸ್ ತುರ್ತು ನಂಬರ್ 911. ಕೌಟುಂಬಿಕ ಹಿಂಸೆಯ ಸಹಾಯವಾಣಿ 1-800-799-7233. ಮಗಳ ಫೋನಲ್ಲಿ ಇವೆರಡು ಇರಲಿ.

ಇಲ್ಲೇ ಬಿಟ್ಟು ಹೋಗಿದ್ರೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಎನ್‌ಆರ್‌ಐ ಮದುವೆ ದೂರುಗಳಿಗೆ ಪ್ರತ್ಯೇಕ ಘಟಕ ಇದೆ, 2009ರಿಂದ ಕೆಲಸ ಮಾಡ್ತಿದೆ. ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ನಮ್ಮ ರಾಜ್ಯದೊಳಗೆ ಮಹಿಳಾ ಸಹಾಯವಾಣಿ 181. ಎನ್‌ಆರ್‌ಐ, ಒಸಿಐ ಜೊತೆಗಿನ ಮದುವೆಗಳನ್ನ ಕಡ್ಡಾಯವಾಗಿ ನೋಂದಣಿ ಮಾಡಿಸೋ ಸಮಗ್ರ ಕಾನೂನು ಬೇಕು ಅಂತ ಕಾನೂನು ಆಯೋಗ 2024ರ ಫೆಬ್ರವರಿಯಲ್ಲಿ 287ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಅಂಥಾ ಕಾನೂನು ಬರಲಿ ಅಂತ ಕಾಯದೆ ನಾವೇ ನೋಂದಣಿ ಮಾಡಿಸ್ಕೊಳ್ಳೋದು ಒಳ್ಳೇದು.

ಅಡ್ಡದಾರಿ ಬೇಡ

“ಟೂರಿಸ್ಟ್ ವೀಸಾದಲ್ಲಿ ಕಳ್ಸಿ, ಅಲ್ಲೇ ಮಾಡಿಸ್ಕೊಂಡ್ರಾಯ್ತು” ಅನ್ನೋರಿದ್ದಾರೆ. ಅಲ್ಲೇ ಉಳಿಯೋ ಉದ್ದೇಶ ಮುಚ್ಚಿಟ್ಟು ಸುತ್ತಾಡಕ್ಕೆ ಅಂತ ಹೋದ್ರೆ ಅದು ಸುಳ್ಳು ಹೇಳಿ ವೀಸಾ ತಗೊಂಡ ಹಾಗೆ. ಸಿಕ್ಕಿಬಿದ್ರೆ ಮುಂದೆ ಆ ದೇಶದ ಬಾಗಿಲೇ ಮುಚ್ಚಬಹುದು. ಇನ್ನು ದುಡ್ಡು ಕೊಟ್ಟು ಹೆಸರಿಗೊಂದು ಮದುವೆ ಅಂದ್ರೆ ಅಲ್ಲಿ ಅಪರಾಧ. ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಮುಂದೆ ನಿಜವಾದ ಮದುವೆ ಆದ್ರೂ ಆ ಹೆಸರಲ್ಲಿ ಅರ್ಜಿ ಒಪ್ಪಲ್ಲ.

ನೋಡಿ, ಯಾವ ದೇಶವೂ ತಾಳಿ ಕಟ್ಟಿದ ದಿನವೇ ಬಾಗಿಲು ತೆಗೆಯಲ್ಲ. ನಮ್ಮದೂ ಅಷ್ಟೆ. ವಿದೇಶಿ ಹುಡುಗಿ ನಮ್ಮೂರ ಹುಡುಗನ್ನ ಮದುವೆ ಆದ್ರೆ ಒಸಿಐ ಕಾರ್ಡ್ ಕೇಳೋಕೆ ಮದುವೆ ನೋಂದಣಿ ಆಗಿ, ಎರಡು ವರ್ಷ ಸಂಸಾರ ನಡೆದಿರಬೇಕು. ಭಾರತದ ಪೌರತ್ವ ಕೇಳಬೇಕು ಅಂದ್ರೆ ಏಳು ವರ್ಷ ಇಲ್ಲಿ ವಾಸ ಇರಬೇಕು.

ಒಪ್ಪಿಗೆ ಶಾಸ್ತ್ರಕ್ಕೆ ಮುಂಚೆ ಕೇಳಬೇಕಾದ್ದು

1. ಹುಡುಗನ ಪಾಸ್‌ಪೋರ್ಟ್ ಯಾವ ದೇಶದ್ದು? ಗ್ರೀನ್ ಕಾರ್ಡ್ ಇದ್ರೆ ಅದು, ವೀಸಾ ಆದ್ರೆ ಯಾವ ವೀಸಾ, ಜೆರಾಕ್ಸ್ ಕೇಳಿ. ಜಾತಕ ಕೇಳೋಕೆ ಇಲ್ಲದ ಸಂಕೋಚ ಇದಕ್ಕೆ ಯಾಕೆ?

2. ಮೊದಲೇ ಮದುವೆ ಆಗಿತ್ತಾ? ಆಗಿದ್ರೆ ಡೈವೋರ್ಸ್ ಡಿಕ್ರಿ ಎಲ್ಲಿ? ಐ-130ಗೂ ಅದು ಬೇಕೇ ಬೇಕು. ಇಲ್ಲ ಅಂದ್ರೆ ಅರ್ಜಿ ಅಲ್ಲೇ ನಿಲ್ಲುತ್ತೆ.

3. ಕಟ್ಟಿದ ಟ್ಯಾಕ್ಸ್ ರಿಟರ್ನ್ ತೋರಿಸ್ತಾನಾ? ಐ-864ಗೆ ಹೇಗಿದ್ರೂ ಕೊಡಬೇಕಾದ ಕಾಗದ ಅದು.

4. ಐ-130 ಯಾವಾಗ ಹಾಕ್ತಾನೆ? ಹಾಕಿದ ಮೇಲೆ ರಸೀದಿ ನಂಬರ್ ತಗೊಳ್ಳಿ. ಮೂರು ಇಂಗ್ಲಿಷ್ ಅಕ್ಷರ, ಹತ್ತು ಅಂಕಿ ಇರುತ್ತೆ. ಅದನ್ನ ಯುಎಸ್‌ಸಿಐಎಸ್ ವೆಬ್‌ಸೈಟ್‌ನಲ್ಲಿ ಹಾಕಿದ್ರೆ ಕೇಸ್ ಎಲ್ಲಿಗೆ ಬಂತು ಅಂತ ಮದ್ದೂರಲ್ಲಿ ಕೂತೇ ನೋಡಬಹುದು. “ಹಾಕಿದೀನಿ, ಬರುತ್ತೆ” ಅನ್ನೋ ಬಾಯಿಮಾತು ಸಾಲದು.

5. ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಕಾರ್ಡ್ ಎಲ್ಲ ಹುಡುಗಿ ಕೈಯಲ್ಲೇ ಇರಲಿ. ಸ್ಕ್ಯಾನ್ ಮಾಡಿದ ಒಂದು ಕಾಪಿ ತವರುಮನೇಲಿರಲಿ.

ತವರಿಗೆ ಬರುವಾಗಲೂ ಲೆಕ್ಕ ಇರಲಿ

ನಮ್ಮ ಬೆಳ್ಳೂರಿಗೆ ಪ್ರತಿ ವರ್ಷ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದು ಹುಣಸೆ ಮರದಲ್ಲಿ ಗೂಡು ಕಟ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಲೇ ಊರೋರು ಅವನ್ನ ನೋಡ್ಕೊಳ್ತಾರೆ. ಮರಿ ದೊಡ್ಡವಾದ ಮೇಲೆ ಹಾರಿ ಹೋಗ್ತವೆ, ಅವಕ್ಕೆ ತಾರೀಖು ಇಲ್ಲ.

ಗ್ರೀನ್ ಕಾರ್ಡ್ ಇರೋ ಮಗಳಿಗೆ ತಾರೀಖು ಇದೆ. ಬಾಣಂತನಕ್ಕೆ ಬಂದೋಳು ಆರು ತಿಂಗಳು ದಾಟಿ ಇದ್ರೆ ವಾಪಸ್ ಹೋಗುವಾಗ ಪ್ರಶ್ನೆ ಬರುತ್ತೆ, ಮುಂದೆ ಪೌರತ್ವದ ಲೆಕ್ಕಕ್ಕೂ ತೊಡಕಾಗುತ್ತೆ. ಒಂದು ವರ್ಷ ದಾಟಿದ್ರೆ, ಮೊದಲೇ ಮರುಪ್ರವೇಶದ ಪರ್ಮಿಟ್ ತಗೊಂಡಿಲ್ಲ ಅಂದ್ರೆ, ಬರೀ ಕಾರ್ಡ್ ತೋರಿಸಿ ಒಳಗೆ ಹೋಗಕ್ಕಾಗಲ್ಲ. ಎರಡು ವರ್ಷದ ಕಾರ್ಡ್ ಆದ್ರಂತೂ ಅವಳು ಇಲ್ಲಿದ್ರೂ ದಿನ ಓಡ್ತಿರುತ್ತೆ. “ಇನ್ನೂ ಒಂದೆರಡು ತಿಂಗಳು ಇರ್ಲಿ ಬುಡಿ” ಅನ್ನೋ ಮುಂಚೆ ಕಾರ್ಡ್ ಮೇಲಿನ ತಾರೀಖು ನೋಡಿ.

ಎಲ್ಲ ಸರಿ ಹೋದ್ರೆ, ಪ್ರಜೆಯಾದ ಗಂಡನ ಜೊತೆ ಸಂಸಾರ ಮಾಡ್ತಾ ಮೂರು ವರ್ಷ ಗ್ರೀನ್ ಕಾರ್ಡ್‌ನಲ್ಲಿದ್ದೋಳು ಅಲ್ಲಿನ ಪೌರತ್ವ ಕೇಳಬಹುದು, ಉಳಿದೋರಿಗೆ ಐದು ವರ್ಷ. ಗ್ರೀನ್ ಕಾರ್ಡ್‌ನಲ್ಲಿರೋವರೆಗೂ ಅವಳು ಭಾರತದ ಪ್ರಜೆಯೇ. ಅಲ್ಲಿನ ಪೌರತ್ವ ತಗೊಂಡ ದಿನ ಇಲ್ಲಿನದು ಹೋಗುತ್ತೆ. ಆಮೇಲೆ ಒಸಿಐ ಮಾಡಿಸಿದ್ರೂ ಹೊಸದಾಗಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ, ಅಪ್ಪನ ಗದ್ದೆ ವಾರಸಾಗಿ ಬಂದ್ರೆ ಇಟ್ಕೊಬಹುದು.

ಟೀ ಅಂಗಡಿ ಹಿರಿಯರಿಗೆ ಇಷ್ಟೂ ಹೇಳಿದೆ. ಕೇಳಿಸ್ಕೊಂಡು, “ಅಂಗಾರೆ ಗಂಡಿನ ಮನೇವ್ರನ್ನ ಕಾಗ್ದ ಕೇಳ್ಬೋದು ಅನ್ನು” ಅಂದ್ರು. ಕೇಳಲೇಬೇಕು ಯಜಮಾನ್ರೇ. ಕೊಡಕ್ಕೆ ಹಿಂದೆಮುಂದೆ ನೋಡಿದ್ರೆ, ಗದ್ದೆ ಮೇಲಿನ ಸಾಲದ ಮಾತು ಅಲ್ಲಿಗೇ ನಿಲ್ಲಿಸಿ.